ಮೂಗಿಗಿಂತ ಮೂಗುತಿ ಭಾರವಾಗದಂತೆ: ಕಲಾ ಮ್ಯೂಸಿಯಂಗೆ ದುಡ್ಡು ಕೂಡಿಸುವ ಥೀಮ್ ಪಾರ್ಟಿ

ಸಮಕಾಲೀನ ಕಲಾ ಮ್ಯೂಸಿಯಂಗೆ ನಿಧಿ ಸಂಗ್ರಹಿಸಲು ಥೀಮ್ ಪಾರ್ಟಿ ಮಾಡೋಣ ಎಂದು ಸಮಿತಿ ಕೂತ ಮೊದಲ ದಿನವೇ ಮಾತು ಬಟ್ಟೆ, ಬಣ್ಣ, ದೀಪಗಳ ಕಡೆ ಹರಿದುಬಿಡುತ್ತದೆ. ಅದನ್ನು ಅಲ್ಲೇ ತಡೆದು, ಒಂದು ಹಾಳೆ ತೆಗೆದುಕೊಂಡು ಲೆಕ್ಕ ಬರೆಯಿರಿ.

ಟಿಕೆಟ್ ಬೆಲೆ 100 ಎಂದಿಟ್ಟುಕೊಳ್ಳಿ. ಯಾವ ದೇಶದ ನಾಣ್ಯವಾದರೂ ಸರಿ. ಊಟ, ಪಾನೀಯ, ಬಡಿಸುವವರ ಕೂಲಿ ಸೇರಿ ತಲೆಗೆ 45 ಖರ್ಚು. ಧ್ವನಿವ್ಯವಸ್ಥೆ, ಬೆಳಕು, ಕಾವಲು, ವಿಮೆ, ಮುದ್ರಣ, ಮ್ಯೂಸಿಯಂ ಸಿಬ್ಬಂದಿಯ ಓವರ್‌ಟೈಮ್ ಇವೆಲ್ಲ ಎಷ್ಟು ಜನ ಬಂದರೂ ಬದಲಾಗದ ಖರ್ಚು, ಅದು 6,000. ಒಂದು ಟಿಕೆಟ್‌ನಿಂದ ಉಳಿಯುವುದು 55. ಅಂದರೆ 110ನೇ ಟಿಕೆಟ್ ಮಾರಾಟವಾಗುವ ತನಕ ಹಾಕಿದ ದುಡ್ಡೇ ಗಿಟ್ಟುವುದಿಲ್ಲ. 200 ಟಿಕೆಟ್ ಹೋದರೆ ಮ್ಯೂಸಿಯಂಗೆ 5,000. ಈಗ ಥೀಮಿನ ಹೆಸರಲ್ಲಿ ಅಲಂಕಾರಕ್ಕೆ ಇನ್ನೊಂದು 2,500 ಸುರಿದು ನೋಡಿ: ಜನ ಅಷ್ಟೇ, ಉಳಿಕೆ ಅರ್ಧ. ಸುರಿಯದೆ ಆ 200ರಲ್ಲಿ 20 ಮಂದಿಗೆ ಪುಕ್ಕಟೆ ಪಾಸ್ ಕೊಟ್ಟಿರಿ ಅನ್ನಿ, ಆಗಲೂ 5,000 ಇದ್ದದ್ದು 3,000ಕ್ಕೆ ಇಳಿಯುತ್ತದೆ. ಪಾಸ್ ಕೊಡುವಾಗ ಯಾರಿಗೂ ಈ ಲೆಕ್ಕ ಹೊಳೆಯುವುದಿಲ್ಲ, ‘ಇಬ್ಬರು ಬಂದರೆ ಏನಾಗುತ್ತೆ’ ಎಂಬ ಮಾತೊಂದೇ ಕೇಳಿಸುತ್ತದೆ.

ಹಾಗಾಗಿ ಟಿಕೆಟ್ ಪಾರ್ಟಿಯ ಖರ್ಚನ್ನು ಹೊತ್ತರೆ ಸಾಕು. ಮ್ಯೂಸಿಯಂಗೆ ಸೇರುವ ದುಡ್ಡು ಪ್ರಾಯೋಜಕರು, ಹರಾಜು ಮತ್ತು ನೇರ ದೇಣಿಗೆಯಿಂದ ಬರಬೇಕು. ಆರೇಳು ತಿಂಗಳು ಮುಂಚೆ ಕೆಲಸ ಶುರು ಮಾಡಿ, ಬದಲಾಗದ ಖರ್ಚಿನಷ್ಟನ್ನು ಪ್ರಾಯೋಜಕರು ಬರೆದುಕೊಟ್ಟ ಮೇಲಷ್ಟೇ ಆಹ್ವಾನ ಪತ್ರಿಕೆ ಅಚ್ಚಿಗೆ ಕೊಡಿ. ಬಾಯಿಮಾತಿನ ಭರವಸೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಥೀಮ್ ಆರಿಸುವುದು

ಜರ್ಮನಿಯ ಡೆಸ್ಸೌನಲ್ಲಿದ್ದ ಬೌಹೌಸ್ ಕಲಾಶಾಲೆ 1929ರ ಫೆಬ್ರವರಿಯಲ್ಲಿ ‘ಲೋಹ’ ಎಂಬ ಒಂದೇ ಪದದ ಥೀಮಿಟ್ಟು ಪಾರ್ಟಿ ಮಾಡಿತು. ತವರದ ಹಾಳೆ, ಚಮಚ, ಬಾಣಲೆಗಳೇ ವೇಷವಾದವು. ಅತಿಥಿಗಳು ಲೋಹದ ಜಾರುಬಂಡಿಯಲ್ಲಿ ಜಾರಿಕೊಂಡು ಒಳಗೆ ಬಂದರು. ಎರಡು ವರ್ಷದ ನಂತರ, 1931ರಲ್ಲಿ, ನ್ಯೂಯಾರ್ಕಿನ ವಾಸ್ತುಶಿಲ್ಪಿಗಳು ತಾವು ಕಟ್ಟಿದ ಕಟ್ಟಡಗಳ ವೇಷದಲ್ಲೇ ಬಾಲ್ ನೃತ್ಯಕ್ಕೆ ಬಂದರು. ವಿಲಿಯಂ ವ್ಯಾನ್ ಅಲೆನ್ ಕ್ರೈಸ್ಲರ್ ಕಟ್ಟಡವನ್ನೇ ತಲೆ ಮೇಲೆ ಹೊತ್ತು ನಿಂತ ಫೋಟೊ ಇಂದಿಗೂ ಓಡಾಡುತ್ತದೆ. ಫೋಟೊ ಚೆಂದ, ಆದರೆ ನಿಧಿ ಸಂಗ್ರಹಕ್ಕೆ ಅನುಕರಿಸಬೇಕಾದದ್ದು ಬೌಹೌಸನ್ನು. ಅಡುಗೆಮನೆಯಲ್ಲಿ ಸಿಗುವ ವಸ್ತುವಿನಿಂದ ಒಂದು ಗಂಟೆಯಲ್ಲಿ ವೇಷ ಕಟ್ಟಬಹುದು. ಕಟ್ಟಡದ ವೇಷಕ್ಕೆ ಟೈಲರ್ ಬೇಕು, ಬಡಗಿಯೂ ಬೇಕಾಗಬಹುದು. ಅಷ್ಟು ಖರ್ಚು ಮಾಡಿಕೊಂಡು ಬಂದ ಅತಿಥಿಯ ಜೇಬಿನಲ್ಲಿ ಹರಾಜಿಗೆಂದು ಉಳಿಯುವುದು ಕಮ್ಮಿ.

ಥೀಮ್ ಒಂದೇ ಸಾಲಿನಲ್ಲಿ ಹೇಳುವಂತಿರಲಿ, ಬೀರುವಿನಲ್ಲಿರುವ ಬಟ್ಟೆಯಿಂದಲೇ ಮುಗಿಯುವಂತಿರಲಿ, ಮ್ಯೂಸಿಯಂನಲ್ಲಿ ಆಗ ನಡೆಯುತ್ತಿರುವ ಪ್ರದರ್ಶನದಿಂದ ಹುಟ್ಟಿರಲಿ. ‘ಒಂದೇ ಬಣ್ಣ’, ‘ಕಾಗದ’, ‘ತಲೆ ಮೇಲೆ ಮಾತ್ರ’ ಇಂಥವು ಕೆಲಸ ಮಾಡುತ್ತವೆ. ‘ಭವಿಷ್ಯ’, ‘ಕನಸು’ ಎಂದು ಬರೆದರೆ ಅರ್ಧ ಜನ ಕಪ್ಪು ಸೂಟಿನಲ್ಲೇ ಬರುತ್ತಾರೆ, ಏಕೆಂದರೆ ಏನು ಹಾಕಬೇಕೆಂದು ಅವರಿಗೆ ತಿಳಿದಿರುವುದಿಲ್ಲ. ಇನ್ನೊಬ್ಬರ ಜನಾಂಗ ಅಥವಾ ನಂಬಿಕೆಯನ್ನು ವೇಷವಾಗಿಸುವ ಥೀಮ್ ಬೇಡವೇ ಬೇಡ. ‘ಮೈಗಿಂತ ಅಗಲದ ವೇಷ, ಉದುರುವ ಮಿನುಗುಪುಡಿ, ಒದ್ದೆ ಬಣ್ಣ ಇಲ್ಲ’ ಎಂಬ ಸಾಲು ಆಹ್ವಾನ ಪತ್ರಿಕೆಯಲ್ಲೇ ಅಚ್ಚಾಗಲಿ.

ಥೀಮನ್ನು ಲೋಟಕ್ಕೂ ಇಳಿಸುವವರಿದ್ದಾರೆ. ಫ್ರೆಂಚ್ ಕಲಾವಿದ ಈವ್ ಕ್ಲೈನ್ 1958ರಲ್ಲಿ ಪ್ಯಾರಿಸ್ಸಿನ ತನ್ನ ಪ್ರದರ್ಶನದ ಉದ್ಘಾಟನೆಗೆ ಮಿಥಿಲೀನ್ ಬ್ಲೂ ಎಂಬ ಬಣ್ಣ ಬೆರೆಸಿದ ನೀಲಿ ಕಾಕ್‌ಟೇಲ್ ಕೊಟ್ಟ. ಕುಡಿದವರ ಮೂತ್ರವೂ ನೀಲಿಯಾಯಿತು. ಕಲಾಚರಿತ್ರೆಗೆ ಅದು ರಂಜಕ, ನಿಮ್ಮ ಕಾರ್ಯಕ್ರಮಕ್ಕೆ ಪಾನೀಯ ತಿಳಿಬಣ್ಣದ್ದೇ ಆಗಲಿ. ಕೆಂಪು ವೈನ್ ಚೆಲ್ಲಿದರೆ ಬಟ್ಟೆಯಿಂದಲೇ ಹೋಗುವುದು ಕಷ್ಟ, ಕ್ಯಾನ್ವಾಸಿನ ಮಾತು ಬಿಡಿ.

ಕಲಾಕೃತಿಯ ಪಕ್ಕದಲ್ಲಿ ಪಾರ್ಟಿ

ಮೂರು ತಿಂಗಳು ಮುಂಚೆಯೇ ಮ್ಯೂಸಿಯಂನ ಕನ್ಸರ್ವೇಟರ್ (ಕಲಾಕೃತಿಗಳು ಕೆಡದಂತೆ ಕಾಪಾಡುವ ತಜ್ಞರು) ಜತೆ ಗ್ಯಾಲರಿಗಳಲ್ಲಿ ಒಂದು ಸುತ್ತು ನಡೆಯಿರಿ. ಡೆಕೊರೇಟರ್, ಅಡುಗೆ ಗುತ್ತಿಗೆದಾರ, ಧ್ವನಿ ತಂತ್ರಜ್ಞ ಮೂವರೂ ಜತೆಗಿರಲಿ. ಯಾವ ಕೋಣೆಗೆ ಲೋಟ ಹೋಗಬಹುದು, ಯಾವುದಕ್ಕೆ ಹೋಗಬಾರದು ಎಂಬುದು ನಕ್ಷೆಯ ಮೇಲೆ ಗೆರೆ ಎಳೆದು ತೀರ್ಮಾನವಾಗಬೇಕು. ಊಟ ಪ್ರವೇಶದ ಹಾಲ್‌ನಲ್ಲಿ, ಗ್ಯಾಲರಿಗೆ ಕೈ ಖಾಲಿ ಎಂಬುದು ಎಲ್ಲಕ್ಕಿಂತ ಸುಲಭದ ನಿಯಮ.

ಬಾಗಿಲಲ್ಲೇ ನಿಲ್ಲಿಸಬೇಕಾದವು ಇವು: ಮೇಣದಬತ್ತಿ, ಕಾಗದದ ಚೂರು, ಹೀಲಿಯಂ ಬಲೂನು (ಚಾವಣಿಗೆ ಹೋಗಿ ಸಿಕ್ಕಿಕೊಂಡು ಮೂರನೇ ದಿನ ಕಲಾಕೃತಿಯ ಮೇಲೆ ಇಳಿಯುತ್ತದೆ), ಮಂಜು ಯಂತ್ರ. ಮಂಜು ಯಂತ್ರ ಹೊಗೆ ಪತ್ತೆ ಸಾಧನವನ್ನು ಕೆರಳಿಸುವುದಷ್ಟೇ ಅಲ್ಲ, ಅದರ ದ್ರವ ತೆಳುಪದರವಾಗಿ ಎಲ್ಲದರ ಮೇಲೂ ಕೂರುತ್ತದೆ. ತಾಜಾ ಹೂವಿನ ಜತೆ ಹುಳ ಒಳಗೆ ಬರುತ್ತದೆ. ಬಾಸ್ ಸ್ಪೀಕರನ್ನು ಚಿತ್ರ ತೂಗಿದ ಗೋಡೆಗೆ ಒರಗಿಸಿದರೆ ಕಂಪನ ಕೊಂಡಿಯ ತನಕ ಹೋಗುತ್ತದೆ. ಗೋಡೆಯಿಂದ ದೂರ, ರಬ್ಬರ್ ಪ್ಯಾಡಿನ ಮೇಲೆ ಇಡಿಸಿ.

ಜನರೇ ಒಂದು ಹವಾಮಾನ ಎಂಬುದನ್ನು ಮರೆಯುವಂತಿಲ್ಲ. ಒಬ್ಬ ಮನುಷ್ಯ ಸುಮಾರು 100 ವ್ಯಾಟ್ ಶಾಖ ಹೊರಬಿಡುತ್ತಾನೆ, ಉಸಿರು-ಬೆವರಿನಿಂದ ಗಂಟೆಗೆ 50 ಗ್ರಾಂನಷ್ಟು ನೀರಾವಿ. 200 ಜನ ಎಂದರೆ 20 ಕಿಲೋವ್ಯಾಟ್ ಒಲೆ, ಗಂಟೆಗೆ 10 ಲೀಟರ್ ತೇವ. ಕುಣಿಯತೊಡಗಿದರೆ ಇನ್ನೂ ಹೆಚ್ಚು. ಕಾಗದ ಮತ್ತು ಮರದ ಕೃತಿಗಳು ತೇವದ ಏರಿಳಿತಕ್ಕೆ ಹಿಗ್ಗಿ ಕುಗ್ಗುತ್ತವೆ. ಅತಿಥಿಗಳು ಬರುವ ಮುಂಚೆಯೇ ಹವಾನಿಯಂತ್ರಣ ತಂಡ ಸಜ್ಜಾಗಿರಲಿ, ಬಾಗಿಲು ತೆರೆದಿಟ್ಟು ಗಾಳಿ ಬಿಡುವುದು ಪರಿಹಾರವಲ್ಲ.

ಸಮಕಾಲೀನ ಕಲೆಗೇ ವಿಶಿಷ್ಟವಾದ ತೊಂದರೆಯೊಂದಿದೆ: ಅದು ಯಾವಾಗಲೂ ಕಲೆಯಂತೆ ಕಾಣುವುದಿಲ್ಲ. ಸೊಂಟದೆತ್ತರದ ಬಿಳಿ ಪೀಠ ಕಂಡರೆ ಕೈಯಲ್ಲಿ ಲೋಟ ಹಿಡಿದವರಿಗೆ ಅದು ಟೇಬಲ್. ಪ್ರತಿ ಕೋಣೆಯ ಬಾಗಿಲ ಹೊರಗೆ ನಿಜವಾದ ಟೇಬಲ್ ಹಾಕಿ, ಅದರ ಮೇಲೆ ಬೇಕೆಂದೇ ಎರಡು ಖಾಲಿ ಲೋಟ ಇಟ್ಟಿರಿ. ಫಲಕಕ್ಕಿಂತ ಆ ಎರಡು ಲೋಟದ ಮಾತನ್ನು ಜನ ಬೇಗ ಕೇಳುತ್ತಾರೆ. ಇನ್ನು ಕಸ ಗುಡಿಸುವವರು. ಇಟಲಿಯ ಬೊಲ್ಜಾನೊದ ಮ್ಯೂಸಿಯೊನ್ ಎಂಬ ಕಲಾ ಮ್ಯೂಸಿಯಂನಲ್ಲಿ 2015ರಲ್ಲಿ ಗೋಲ್ಡ್‌ಶ್ಮೀಡ್ ಮತ್ತು ಕಿಯಾರಿ ಎಂಬ ಕಲಾವಿದೆಯರ ಜೋಡಿಯ ಕೃತಿಯೊಂದಿತ್ತು: ಖಾಲಿ ಶಾಂಪೇನ್ ಬಾಟಲಿ, ಸಿಗರೇಟು ತುಂಡು, ಬಣ್ಣದ ಕಾಗದದ ಚೂರು, ಅಂದರೆ ಪಾರ್ಟಿ ಮುಗಿದ ಮೇಲಿನ ಕೋಣೆ. ಸ್ವಚ್ಛತಾ ಸಿಬ್ಬಂದಿ ಅದನ್ನು ನಿಜವೆಂದು ತಿಳಿದು ಚೀಲಕ್ಕೆ ತುಂಬಿಬಿಟ್ಟರು. ತಪ್ಪು ಅವರದಲ್ಲ, ಮೊದಲೇ ತೋರಿಸದವರದು. ರಾತ್ರಿ ಪಾಳಿಯವರನ್ನು ಹಗಲಲ್ಲೇ ಕರೆಸಿ, ಕೋಣೆಕೋಣೆಯ ಫೋಟೊ ಅವರ ಕೈಗೆ ಕೊಡಿ.

ಹರಾಜು

ಹರಾಜಿಗೆ ಕಲಾವಿದರ ಬಳಿ ಕೃತಿ ಕೇಳುವುದು ವಾಡಿಕೆ. ಮ್ಯೂಸಿಯಂಗಳು ಮುಖ ಕೆಡಿಸಿಕೊಳ್ಳುವುದೂ ಇಲ್ಲೇ. ಕೃತಿ ದಾನ ಕೊಟ್ಟವರಿಗೆ ತೆರಿಗೆ ಲಾಭ ಸಿಗುತ್ತದೆಂಬ ನಂಬಿಕೆಯಿದೆ. ಅಮೆರಿಕದಲ್ಲಿ ಕಲಾವಿದ ತನ್ನದೇ ಕೃತಿ ಕೊಟ್ಟರೆ ಕಳೆಯಬಹುದಾದದ್ದು ಬಣ್ಣ, ಕ್ಯಾನ್ವಾಸುಗಳ ಖರ್ಚನ್ನಷ್ಟೇ, ಮಾರುಕಟ್ಟೆ ಬೆಲೆಯನ್ನಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆಯಿದೆ: ಸಾವಿರ ಬಾಳುವ ಕೃತಿ ಎಲ್ಲರೆದುರು ಮುನ್ನೂರಕ್ಕೆ ಹೋದರೆ, ಸಾವಿರ ಕೊಟ್ಟು ಕೊಂಡಿದ್ದ ಹಳೆಯ ಗಿರಾಕಿಯ ಕಿವಿಗೂ ಸುದ್ದಿ ಬೀಳುತ್ತದೆ. ಆದ್ದರಿಂದ ಪ್ರತಿ ಕೃತಿಗೂ ಕಲಾವಿದರ ಒಪ್ಪಿಗೆಯ ಕನಿಷ್ಠ ಬೆಲೆ ಗೊತ್ತುಮಾಡಿ. ಮಾರಿದ್ದರಲ್ಲಿ ಅರ್ಧದ ತನಕ ಪಾಲು ಕಲಾವಿದರಿಗೇ ಕೊಡಿ. ಕಲಾವಿದರ ಕೃತಿಗಳನ್ನು ಮಾರಿಕೊಡುವ ಗ್ಯಾಲರಿ ಇದ್ದರೆ ಅವರನ್ನೂ ಕೇಳಿ, ಒಮ್ಮೆ ಕೊಟ್ಟವರ ಮನೆ ಬಾಗಿಲಿಗೆ ಮುಂದಿನ ವರ್ಷವೇ ಹೋಗಬೇಡಿ.

ಚೀಟಿಯಲ್ಲಿ ಸವಾಲು ಬರೆಯುವ ಮೌನ ಹರಾಜಿಗೆ 200 ಅತಿಥಿಗಳಿಗೆ 25ರಿಂದ 30 ವಸ್ತು ಧಾರಾಳ. ದಂಪತಿ ಒಂದೇ ಜೇಬಿನಿಂದ ಕೊಡುವುದರಿಂದ ಕೊಳ್ಳುವ ಕೈಗಳು ನೂರರ ಆಸುಪಾಸು. ವಸ್ತು ಹೆಚ್ಚಾದಷ್ಟೂ ಪೈಪೋಟಿ ತೆಳುವಾಗುತ್ತದೆ. ಕನಿಷ್ಠ ಬೆಲೆ ಗೊತ್ತಾಗಿರುವ ಕಲಾಕೃತಿಗಳ ಸವಾಲು ಅಲ್ಲಿಂದಲೇ ಶುರುವಾಗಲಿ. ಉಳಿದ ವಸ್ತುಗಳಿಗೆ ನಿಜಬೆಲೆಯ ಶೇ 40ರಿಂದ 50, ಏರಿಕೆ ಶೇ 10ರ ಹೆಜ್ಜೆ. ಆ ಹೆಜ್ಜೆಗಳನ್ನು ಚೀಟಿಯಲ್ಲಿ ಮೊದಲೇ ಅಚ್ಚು ಹಾಕಿಸಿ, ಇಲ್ಲದಿದ್ದರೆ ಒಂದೊಂದು ರೂಪಾಯಿ ಏರಿಸುವ ಮಹಾನುಭಾವರು ಸಿಗುತ್ತಾರೆ. ಪೆನ್ನನ್ನು ದಾರದಿಂದ ಕಟ್ಟಿ. ಮೊಬೈಲ್ ಆ್ಯಪ್ ಇದ್ದರೆ ವೈಫೈ 200 ಫೋನ್ ತಡೆದೀತೇ ಎಂದು ಪರೀಕ್ಷಿಸಿ. ಗ್ಯಾಲರಿಯ ದಪ್ಪ ಗೋಡೆಗಳೊಳಗೆ ಸಿಗ್ನಲ್ ಸಾಯುವುದು ಸಾಮಾನ್ಯ.

ಆ ರಾತ್ರಿಯ ಗಡಿಯಾರ

ಬಾಗಿಲಿನಿಂದ ಶುರುಮಾಡೋಣ. 200 ಜನ 40 ನಿಮಿಷದಲ್ಲಿ ಬಂದರೆ ನಿಮಿಷಕ್ಕೆ ಐವರು. ಹೆಸರು ಹುಡುಕಿ, ಹರಾಜಿನ ಸಂಖ್ಯೆ ಕೊಟ್ಟು ಒಳಬಿಡಲು ಒಬ್ಬರಿಗೆ 45 ಸೆಕೆಂಡ್ ಹಿಡಿದರೆ ನಾಲ್ಕು ಕೌಂಟರ್ ಬೇಕೇ ಬೇಕು. ಎರಡೇ ಇಟ್ಟು ಥೀಮಿನ ಕಮಾನಿಗೆ ಖರ್ಚು ಮಾಡಿದವರ ಕಮಾನಿನ ಕೆಳಗೆ ಜನ ಸಿಡಿಮಿಡಿಯಿಂದ ನಿಂತಿರುತ್ತಾರೆ.

6.30ಕ್ಕೆ ಬಾಗಿಲು, 7.45ಕ್ಕೆ ಊಟಕ್ಕೆ ಕೂರಿಸುವುದು, 8.20ಕ್ಕೆ ನಾಲ್ಕು ನಿಮಿಷದ ಒಂದೇ ಭಾಷಣ, ಅದರ ಬೆನ್ನಿಗೇ ದೇಣಿಗೆಯ ಕೂಗು. ಕುಣಿತ ಶುರುವಾದ ಮೇಲೆ ದುಡ್ಡು ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ಕೂಗು ಮೇಲಿನಿಂದ ಕೆಳಗಿಳಿಯಬೇಕು: 1,000, 500, 250, 100, 50. ಮೇಲಿನ ಮೆಟ್ಟಿಲಿಗೆ ಇಬ್ಬರನ್ನು ಮೊದಲೇ ಒಪ್ಪಿಸಿಟ್ಟಿರಿ. ಕೂಗಿದಾಗ ಒಂದು ಕೈಯೂ ಏಳದಿದ್ದರೆ ಹಾಲ್ ತಣ್ಣಗಾಗುತ್ತದೆ, ಮತ್ತೆ ಬಿಸಿಯಾಗುವುದಿಲ್ಲ. ಪ್ರತಿ ಮೊತ್ತಕ್ಕೂ ಒಂದು ಕೆಲಸ ಹೇಳಿ, ‘250ಕ್ಕೆ ಒಂದು ಶಾಲೆಯ ತರಗತಿ ಮ್ಯೂಸಿಯಂ ನೋಡುತ್ತದೆ’ ಎಂಬಂತೆ. ಆದರೆ ಹಾಗೆ ಹೇಳಿ ಪಡೆದ ದುಡ್ಡು ಅದಕ್ಕೇ ಹೋಗಬೇಕು, ವಿದ್ಯುತ್ ಬಿಲ್‌ಗೆ ತಿರುಗಿಸುವಂತಿಲ್ಲ. ಆ ಹತ್ತು ನಿಮಿಷ ಬಾರ್ ಮುಚ್ಚಿರಲಿ, ಬಡಿಸುವವರು ತಟ್ಟೆ ಎತ್ತದಿರಲಿ. ಎದ್ದ ಕೈಗಳ ಸಂಖ್ಯೆಯನ್ನು ಇಬ್ಬರು ಬೇರೆಬೇರೆ ಬರೆದುಕೊಂಡು ತಾಳೆ ನೋಡಬೇಕು. 8.50ಕ್ಕೆ ಮೌನ ಹರಾಜಿನ ಚೀಟಿ ಎತ್ತಿ, 9ಕ್ಕೆ ಸಂಗೀತ.

ಮಾರನೆಯ ದಿನ ರಸೀದಿ ಹೋಗಲಿ. ಊಟದ ಬೆಲೆ ಬೇರೆ, ದೇಣಿಗೆ ಬೇರೆ ಎಂದು ಅದರಲ್ಲಿ ಕಾಣಿಸಿ. ತೆರಿಗೆ ವಿನಾಯಿತಿ ಇರುವ ಹಲವು ಕಡೆ ಅದು ಸಿಗುವುದು ದೇಣಿಗೆಯ ಭಾಗಕ್ಕೆ ಮಾತ್ರ. ಕಲಾವಿದರ ಪಾಲು 30 ದಿನದೊಳಗೆ ಅವರ ಕೈ ಸೇರಲಿ.

ಅದಕ್ಕೂ ಮುಂಚೆ, ಅತಿಥಿಗಳೆಲ್ಲ ಹೋದ ಮೇಲೆ, ಟೇಬಲ್ ಹೊರುವವರು ಒಳಬರುವ ಮೊದಲು ಅರ್ಧ ಗಂಟೆ ಕನ್ಸರ್ವೇಟರಿಗೆ ಬಿಡಿ. ಟಾರ್ಚನ್ನು ನೇರವಾಗಿ ಹಿಡಿಯದೆ ಕೃತಿಯ ಮೈಗೆ ಓರೆಯಾಗಿ ಹಾಯಿಸಿದರೆ, ನೇರ ಬೆಳಕಿನಲ್ಲಿ ಕಾಣದ ಬೆರಳಚ್ಚು, ಸಿಡಿದು ಒಣಗುತ್ತಿರುವ ಹನಿ ಎದ್ದು ಕಾಣುತ್ತವೆ. ಹಿಂದಿನ ದಿನ ತೆಗೆದಿಟ್ಟ ಫೋಟೊ ಪಕ್ಕದಲ್ಲಿರಲಿ. ಹನಿ ಇನ್ನೂ ಒದ್ದೆಯಿದ್ದರೆ ಒರೆಸುವ ಕೈ ಕನ್ಸರ್ವೇಟರದ್ದೇ ಆಗಿರಬೇಕು, ಕರವಸ್ತ್ರ ಹಿಡಿದು ಓಡಿಬರುವ ಸಮಿತಿ ಸದಸ್ಯರದ್ದಲ್ಲ.