ಅಡಿಕೆ ರೇಟಿಗೆ ಫೋನ್ ಬ್ರಿಡ್ಜ್, ಲೆಕ್ಕಕ್ಕೆ ಇಂಟರ್ನೆಟ್: ನನ್ನ ಅನುಭವ

ಶಿರಸಿಯಲ್ಲಿ ಅಡಿಕೆ ಖರೀದಿ ಮಾಡುವ ನನಗೆ ಬೆಳಗಿನ ಕಾನ್ಫರೆನ್ಸ್ ಕಾಲ್ ತಪ್ಪಿದರೆ ಆ ದಿನದ ವ್ಯಾಪಾರ ಅಂದಾಜಿನ ಮೇಲೇ ನಡೆಯಬೇಕು. ಸಿದ್ದಾಪುರ, ಯಲ್ಲಾಪುರ, ಸಾಗರ, ಕುಮಟಾದಲ್ಲಿ ನಮ್ಮವರು, ನಡುವೆ ಎರಡು ಮೂರು ಹಳ್ಳಿ ಕಡೆಯ ಹುಡುಗರು, ಆ ತುದಿಯಲ್ಲಿ ಅಹಮದಾಬಾದಿನ ದಲಾಲರು. ಎಲ್ಲ ಸೇರಿ ಎಂಟೊಂಬತ್ತು ಜನ. ಟೆಂಡರ್ ಹಾಕುವ ಮೊದಲು 15-20 ನಿಮಿಷ ಮಾತು. ಚಾಲಿಗೆ ಎಲ್ಲಿವರೆಗೆ ಹೋಗಬಹುದು, ರಾಶಿ ಬೇಕೋ ಬೇಡವೋ, ಕೆಂಪುಗೋಟು ಯಾರ ಹತ್ತಿರ ಎಷ್ಟಿದೆ. (ಇವು ಅಡಿಕೆಯ ಬಗೆಗಳು.) ಇಷ್ಟೇ ಮಾತಿಗೆ ಸರಿಯಾದ ದಾರಿ ಸಿಗೋಕೆ ಎರಡು ವರ್ಷದ ಹತ್ತಿರ ಹಿಡಿಯಿತು. ಕೊನೆಗೆ ಸಿಕ್ಕಿದ್ದು ಫೋನ್ ಬ್ರಿಡ್ಜ್, ಅಂದರೆ ಎಲ್ಲರ ಫೋನ್ ಕಾಲನ್ನೂ ಒಟ್ಟಿಗೆ ಜೋಡಿಸುವ ಬಾಡಿಗೆ ನಂಬರ್. ಹೋದ ಮಳೆಗಾಲ ಪೂರ್ತಿ ಕಾಲ್ ನಿಂತಿಲ್ಲ. ಆಗಲ್ಲ ಅಂದವರೇ ಈಗ ಕೇಳಿಕೊಂಡು ಬರುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಆಗಲ್ಲ ಅಂದವರಲ್ಲಿ ಮೊದಲನೆಯವನು ನಮ್ಮ ಅಣ್ಣನ ಮಗ. ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ. "ಚಿಕ್ಕಪ್ಪಾ, ಈಗ್ಲೂ ಫೋನಲ್ಲೇ ಕಾನ್ಫರೆನ್ಸಾ? ಮೀಟ್ ಫ್ರೀ ಇದೆ, ಜೂಮ್ ಫ್ರೀ ಇದೆ, ಸುಮ್ನೆ ಯಾಕೆ ದುಡ್ಡು ಕೊಡ್ತೀರಿ?" ಅಂದ. ಲೆಕ್ಕದಲ್ಲಿ ಅವನು ಹೇಳಿದ್ದು ಸರಿಯೇ. ಜೂಮ್‌ನಲ್ಲಿ 40 ನಿಮಿಷ, ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಹೆಚ್ಚು ಜನ ಇದ್ದರೆ 60 ನಿಮಿಷ ಪುಕ್ಕಟೆ. ನಮಗೆ ಬೇಕಾದ್ದು ಅದರ ಅರ್ಧ. ಆದರೆ ಅವನ ಲೆಕ್ಕ ಬೆಂಗಳೂರಿನ ಲೈನಿನ ಲೆಕ್ಕ. ನನ್ನದು ಜೋಗದ ಕಡೆಯ ಕಣಿವೆಯಲ್ಲಿ ಕೂತ ಹುಡುಗನ ಲೈನಿನ ಲೆಕ್ಕ.

ಎಲ್ಲಕ್ಕಿಂತ ಮೊದಲು ನಾವು ಮಾಡುತ್ತಿದ್ದದ್ದು ಎಲ್ಲರೂ ಮಾಡುವುದೇ. ನನ್ನ ಮೊಬೈಲಿಂದ ಒಬ್ಬೊಬ್ಬರಿಗೆ ಹಚ್ಚಿ ಮರ್ಜ್ ಮಾಡುವುದು. ಅದರಲ್ಲಿ ನನ್ನ ಬಿಟ್ಟು ಐದೇ ಜನ ಹಿಡಿಸುತ್ತಾರೆ. ಉಳಿದವರಿಗೆ ಯಾರೋ ಒಬ್ಬರು ಆಮೇಲೆ ಹೇಳಬೇಕು. ಇನ್ನೊಂದು ಕಾಟ ಹೋಲ್ಡ್‌ನದು. ಮಾತಿನ ಮಧ್ಯೆ ಕುಮಟಾದವನಿಗೆ ಬೇರೆ ಕಾಲ್ ಬರುತ್ತದೆ. ಅವನು ಅದನ್ನ ಎತ್ತುತ್ತಾನೆ, ನಮ್ಮನ್ನ ಹೋಲ್ಡ್‌ಗೆ ಹಾಕುತ್ತಾನೆ. ತಕ್ಷಣ "ನೀವು ಕರೆ ಮಾಡಿದವರು ನಿಮ್ಮ ಕರೆಯನ್ನು ಹೋಲ್ಡ್‌ನಲ್ಲಿ ಇರಿಸಿದ್ದಾರೆ" ಅನ್ನುವ ಹೆಂಗಸಿನ ದನಿ ಮೂರು ಭಾಷೆಯಲ್ಲಿ ಎಲ್ಲರ ಕಿವಿಗೂ ಬೀಳುತ್ತದೆ. ಅವನು ವಾಪಸ್ ಬರುವವರೆಗೆ ಯಾರೂ ಮಾತಾಡುವ ಹಾಗಿಲ್ಲ. ನನ್ನ ಕಾಲ್ ಕಟ್ಟಾದರಂತೂ ಎಲ್ಲರದೂ ಕಟ್.

ಆಮೇಲೆ ಇಂಟರ್ನೆಟ್‌ಗೆ ಹೋದೆವು. ಮೊದಲು ವಾಟ್ಸಾಪ್ ಗ್ರೂಪ್ ಕಾಲ್, ಆಮೇಲೆ ಮೀಟ್. ಡಿಸೆಂಬರಿಂದ ಮೇವರೆಗೆ ಬೆಣ್ಣೆ ಥರ ನಡೆಯಿತು. ಅಹಮದಾಬಾದಿನವರ ದನಿ ಪಕ್ಕದಲ್ಲಿ ಕೂತ ಹಾಗೆ ಕೇಳುತ್ತಿತ್ತು. ಖರ್ಚು ಏನೂ ಇಲ್ಲ. ಬರೀ ದನಿಯಾದರೆ ಗಂಟೆಗೆ 30-40 ಎಂಬಿ ಕೂಡ ದಾಟುತ್ತಿರಲಿಲ್ಲ.

ಜೂನ್ ಬಂತು. ಗಾಳಿ ಮಳೆಗೆ ಕರೆಂಟ್ ಹೋಯಿತು. ನಮ್ಮ ಕಡೆ ಹೋದರೆ ಒಂದೊಂದು ಸಲ ಎರಡು ದಿನ. ಮನೆಯ ಫೈಬರ್ ಡಬ್ಬಕ್ಕೆ ಕರೆಂಟ್ ಬೇಕು, ಯುಪಿಎಸ್ ಇಟ್ಟರೆ ಮೂರ್ನಾಲ್ಕು ಗಂಟೆ. ಟವರಿನ ಬ್ಯಾಟರಿ ಇಳಿದ ಮೇಲೆ 4ಜಿ ಇದ್ದ ಕಡೆ ಒಂದು ಕಡ್ಡಿ ಸಿಗ್ನಲ್. ಆ ಒಂದು ಕಡ್ಡಿಯಲ್ಲಿ ಇಂಟರ್ನೆಟ್ ಕಾಲ್ ಪೂರ್ತಿ ಕಟ್ಟಾಗಿದ್ದರೆ ಚೆನ್ನಾಗಿತ್ತು. ಕಟ್ಟಾಗಲ್ಲ, ಅರ್ಧರ್ಧ ಬರುತ್ತದೆ. ದುಡ್ಡು ಹೋಗುವುದು ಇಲ್ಲೇ.

ಒಂದು ದಿನ ಚಾಲಿಗೆ ಕ್ವಿಂಟಲ್ ಮೇಲೆ 37,200 ದಾಟಬೇಡ ಅಂತ ಸಾಗರದ ಹುಡುಗನಿಗೆ ಹೇಳಿದೆ. ಅವನ ಕಡೆ "ಇನ್ನೂರು" ಅನ್ನುವುದರ ಮೊದಲ ಚೂರು ಹಾರಿ "...ನ್ನೂರು" ಅಂತ ಬಂದಿದೆ. ಅವನು ಮುನ್ನೂರು ಅಂತ ತಿಳಿದ. ಲಾರಿ ಲೋಡು, 150 ಕ್ವಿಂಟಲ್ ಮೇಲೆ. ಹದಿನೈದು ಸಾವಿರ ಅಲ್ಲೇ ಹೋಯಿತು. ಹುಡುಗನದು ತಪ್ಪಿಲ್ಲ, ಅವನಿಗೆ ಕೇಳಿಸಿದ್ದೇ ಅಷ್ಟು. ಹಿಂದಿಯಲ್ಲಿ ಮಾತಾಡುವ ದಲಾಲರ ಜೊತೆ ಇನ್ನೂ ಕಷ್ಟ. ಅವರ ಸೈಂತೀಸ್ 37, ಸೈಂತಾಲೀಸ್ 47. ನಡುವೆ ಸ್ವಲ್ಪ ದನಿ ನುಂಗಿದರೆ ಹತ್ತು ಸಾವಿರದ ಅಂತರ. ಅಷ್ಟು ದೊಡ್ಡ ವ್ಯತ್ಯಾಸ ಯಾರಿಗಾದರೂ ತಿಳಿಯುತ್ತದೆ ಅನ್ನಿ. ತಿಳಿಯದೆ ಹೋಗುವುದು ಈ ನೂರು ಇನ್ನೂರರದ್ದು. ಅವತ್ತಿಂದ ನಮ್ಮ ಕಾಲ್‌ನಲ್ಲಿ ರೇಟನ್ನ ಅಂಕಿ ಬಿಡಿಸಿಯೇ ಹೇಳುವುದು: ಮೂರು, ಏಳು, ಎರಡು. ಕೇಳಿದವನು ವಾಪಸ್ ಹೇಳಬೇಕು.

ಅದೇ ಹೊತ್ತಿಗೆ ಅದೇ ಜಾಗದಲ್ಲಿ ಅದೇ ಹುಡುಗನಿಗೆ ಮಾಮೂಲಿ ಫೋನ್ ಹಚ್ಚಿದರೆ ಸಿಗುತ್ತಿದ್ದ. ವೋಲ್ಟೆ ಕಾಲ್ (4ಜಿಯಲ್ಲಿ ಹೋಗುವ ಮಾಮೂಲಿ ಫೋನ್ ಕಾಲ್) ಕೂಡ ಒಳಗೆ ಪ್ಯಾಕೆಟ್ಟೇ, ಇಂಟರ್ನೆಟ್ ಥರ ಡೇಟಾದ ಚೂರುಗಳೇ ಅಂತ ಅಣ್ಣನ ಮಗ ವಾದ ಮಾಡಿದ. ಹೌದು. ಆದರೆ ಆ ಪ್ಯಾಕೆಟ್ಟಿಗೆ ಕಂಪನಿಯವರು ಮೊದಲ ಜಾಗ ಕೊಡುತ್ತಾರೆ. ವಾಟ್ಸಾಪ್ ಕಾಲ್ ವಿಡಿಯೋ ನೋಡುವವರ ಸಾಲಿನಲ್ಲೇ ನಿಲ್ಲಬೇಕು. ಮೇಲಾಗಿ 4ಜಿ ಸೋತರೆ ಕೆಲವು ಸಿಮ್‌ಗಳು 2ಜಿಗೆ ಇಳಿದಾದರೂ ಮಾತು ಮುಟ್ಟಿಸುತ್ತವೆ. ಹಾಗಾಗಿ ನಾನು ಕಂಡುಕೊಂಡದ್ದು ಒಂದೇ: ಒಳ್ಳೆ ಲೈನ್ ಇದ್ದವನನ್ನ ನೋಡಿ ಆರಿಸಬೇಡಿ, ಎಲ್ಲಕ್ಕಿಂತ ಕೆಟ್ಟ ಲೈನ್ ಯಾರದೋ ಅವನನ್ನ ನೋಡಿ ಆರಿಸಿ.

ಹೀಗೆ ಫೋನ್ ಬ್ರಿಡ್ಜ್‌ಗೆ ಬಂದೆ. ನಂಬರ್ ಬಾಡಿಗೆಗೆ ಕೊಡುವ ಕಂಪನಿಗಳು ಬೇಕಾದಷ್ಟಿವೆ. ಜಿಎಸ್‌ಟಿ ಕಾಗದ, ಆಧಾರ್ ಕೊಟ್ಟರೆ 080ರ ನಂಬರ್ ಬರುತ್ತದೆ. ಮೊದಲ ತಿಂಗಳು ಅದೂ ಸೋತಿತು. ಎಲ್ಲರೂ ಆ ನಂಬರಿಗೆ ಹಚ್ಚಿ, ಪಿನ್ ಒತ್ತಿ, ಹ್ಯಾಶ್ ಒತ್ತಬೇಕು. ಗೋದಾಮಿನಲ್ಲಿ ನಿಂತವನ ಕೈ ತುಂಬ ಧೂಳು, ಒಂದು ಕೈಯಲ್ಲಿ ಚೀಟಿ. ಪಿನ್ ತಪ್ಪುತ್ತದೆ. ಮೂರು ಸಲ ತಪ್ಪಿದರೆ ಹೊರಗೆ. ಹತ್ತು ನಿಮಿಷ ಬರೀ ಸೇರೋದರಲ್ಲೇ ಹೋಗುತ್ತಿತ್ತು. ಯಲ್ಲಾಪುರದ ಹಿರಿಯರೊಬ್ಬರು "ಇದಕ್ಕಿಂತ ಕಾಗದ ಬರೆಯೋದೇ ಸೈ ಮಾರಾಯಾ" ಅಂದರು.

ಅದನ್ನ ಉಲ್ಟಾ ಮಾಡಿದೆ. ಹೊತ್ತಿಗೆ ಸರಿಯಾಗಿ ಬ್ರಿಡ್ಜೇ ಎಲ್ಲರಿಗೂ ಕಾಲ್ ಮಾಡುತ್ತದೆ. ಎತ್ತಿದರೆ ಒಳಗೆ, ಪಿನ್ ಇಲ್ಲ. ಎರಡು ದಿನ ಚೆನ್ನಾಗಾಯಿತು. ಆಮೇಲೆ ಕೆಲವರ ಫೋನಿನಲ್ಲಿ ನಮ್ಮ ನಂಬರಿಗೆ "ಸ್ಪ್ಯಾಮ್ ಇರಬಹುದು" ಅಂತ ಬರೋಕೆ ಶುರುವಾಯಿತು. ಸಾಲದವರ ಕಾಲ್ ಅಂದುಕೊಂಡು ಕಟ್ ಮಾಡಿದರು. ಒಬ್ಬೊಬ್ಬರ ಫೋನ್ ತಗೊಂಡು ನಾನೇ ಆ ನಂಬರನ್ನ ನಮ್ಮ ಅಂಗಡಿ ಹೆಸರಲ್ಲಿ ಸೇವ್ ಮಾಡಿಕೊಟ್ಟೆ. ಬೇರೆ ರಿಂಗ್‌ಟೋನ್ ಇಟ್ಟೆ. ಈಗ ಆ ರಿಂಗ್ ಕೇಳಿದರೆ ಅವರ ಮನೆಯವರೇ ಫೋನ್ ತಂದು ಕೈಗೆ ಕೊಡುತ್ತಾರೆ.

ಖರ್ಚು ಹೇಳುತ್ತೇನೆ, ನೆನಪಿನ ಮೇಲೆ. ತಿಂಗಳ ಬಾಡಿಗೆ 800ರ ಹತ್ತಿರ. ಒಬ್ಬೊಬ್ಬರ ಲೈನಿಗೂ ನಿಮಿಷಕ್ಕೆ 60 ಪೈಸೆ ಆಸುಪಾಸು. ಒಂಬತ್ತು ಜನ, 15 ನಿಮಿಷ, ತಿಂಗಳಿಗೆ 25 ದಿನ. ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 3,300-3,400 ಬರುತ್ತಿತ್ತು. ಅದನ್ನ ಎರಡು ಸಾವಿರದ ಆಚೀಚೆಗೆ ಇಳಿಸಿದೆ. ಹೇಗೆ ಅಂದರೆ, ಅನ್‌ಲಿಮಿಟೆಡ್ ಪ್ಲಾನ್ ಇದ್ದವರು ತಾವೇ ಹಚ್ಚುತ್ತಾರೆ, ಅವರ ನಂಬರನ್ನ ಬ್ರಿಡ್ಜ್ ಗುರುತು ಹಿಡಿಯುವ ಹಾಗೆ ಹಾಕಿಸಿದ್ದೇನೆ. ನನ್ನ ಕಂಪನಿಯಲ್ಲಿ ಒಳಗೆ ಬರುವ ಲೈನಿಗೆ ರೇಟ್ ಕಮ್ಮಿ. ಬ್ರಿಡ್ಜ್ ಹಚ್ಚುವುದು ಮೂರು ಜನಕ್ಕೆ ಮಾತ್ರ. ಅವರಲ್ಲಿ ಇಬ್ಬರದು ಗುಂಡಿ ಫೋನು. 2025ರ ಜನವರಿಯಲ್ಲಿ ಡೇಟಾ ಇಲ್ಲದ, ಬರೀ ಮಾತು-ಮೆಸೇಜಿನ ಪ್ಲಾನ್‌ಗಳು ಬಂದವಲ್ಲ, ವರ್ಷಕ್ಕೆ ಎರಡು ಸಾವಿರದೊಳಗೆ, ಅದನ್ನ ಇಬ್ಬರಿಗೂ ನಾನೇ ಹಾಕಿಸಿದೆ. ಈಗ ಅವರೂ ತಾವೇ ಹಚ್ಚಬಹುದು, ಅಭ್ಯಾಸ ಇಲ್ಲ ಅಷ್ಟೇ.

ಯಾರನ್ನ ಮೊದಲು ಒಳಗೆ ಬಿಡಬೇಕು, ಯಾರು ಯಾವ ಹೊತ್ತಿಗೆ ಸೇರಬೇಕು ಅನ್ನುವುದರಲ್ಲಿ ಒಂದು ಉಪಾಯ ಇದೆ. ಅದರಿಂದ ನನಗೆ ಬೇರೆಯವರಿಗಿಂತ ಸ್ವಲ್ಪ ಮುಂಚೆ ಗುಜರಾತಿನ ರೇಟ್ ಸಿಗುತ್ತದೆ. ಅದನ್ನ ಇಲ್ಲಿ ಬರೆಯಲ್ಲ. ನಾಳೆಯೇ ಎಪಿಎಂಸಿ ಯಾರ್ಡ್ ಪೂರ್ತಿ ಅದನ್ನೇ ಮಾಡುತ್ತದೆ.

ಮಧ್ಯೆ ಒಂದು ಪ್ರಯೋಗ ಮಾಡಿದ್ದೆ. ಲ್ಯಾಪ್‌ಟಾಪಿನಲ್ಲಿ ಮೀಟ್, ಪಕ್ಕದಲ್ಲಿ ಫೋನು, ಎರಡನ್ನೂ ಜೋಡಿಸಿದರೆ ಹೇಗೆ ಅಂತ. ಎರಡನ್ನೂ ಸ್ಪೀಕರ್‌ಗೆ ಹಾಕಿ ಎದುರುಬದುರು ಇಟ್ಟರೆ ಕೂಗಾಟ, ಎಕೋ. ಯಕ್ಷಗಾನಕ್ಕೆ ಸೌಂಡ್ ಹಾಕುವ ಸ್ನೇಹಿತರೊಬ್ಬರು ಇದ್ದಾರೆ. ಮಳೆಗಾಲದಲ್ಲಿ ಅವರ ಮಿಕ್ಸರ್ ಖಾಲಿ ಕೂತಿರುತ್ತದೆ. ಅದನ್ನ ತಂದು ಹಚ್ಚಿದರು. ಲ್ಯಾಪ್‌ಟಾಪ್ ಒಂದು ಚಾನಲ್, ಫೋನ್ ಇನ್ನೊಂದು. ಒಂದು ಆಕ್ಸ್‌ನಿಂದ (ಬೇಕಾದ ದನಿ ಮಾತ್ರ ಹೊರಗೆ ಕಳಿಸುವ ದಾರಿ) ಫೋನಿಗೆ ಲ್ಯಾಪ್‌ಟಾಪಿನ ದನಿ ಮಾತ್ರ, ಇನ್ನೊಂದರಿಂದ ಲ್ಯಾಪ್‌ಟಾಪಿಗೆ ಫೋನಿನ ದನಿ ಮಾತ್ರ. ಬಂದ ದನಿ ಬಂದಲ್ಲಿಗೇ ವಾಪಸ್ ಹೋಗಬಾರದು, ಅಷ್ಟೇ ಗುಟ್ಟು. ಆದರೂ ಗುಂಯ್ ಅಂತ ಹಮ್ ಬರುತ್ತಿತ್ತು. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನ ಬ್ಯಾಟರಿಯಲ್ಲಿ ಓಡಿಸಿದ ಮೇಲೆ ಹೋಯಿತು. ಮಿಕ್ಸರಿನ ದನಿ ಫೋನಿನ ಮೈಕಿಗೆ ಜಾಸ್ತಿ, ನಡುವೆ ತಗ್ಗಿಸುವ ಕೇಬಲ್ ಬೇಕು. ಮನೆಯವರ ಜೊತೆ ಮಾತಾಡಿ ನೋಡಿದೆವು, ದನಿ ಅಷ್ಟು ಚೆನ್ನಾಗಿ ಇನ್ಯಾವುದರಲ್ಲೂ ಬಂದಿಲ್ಲ. ಆದರೆ ದಿನಾ ಒಬ್ಬರು ಮಿಕ್ಸರ್ ಮುಂದೆ ಕೂರಬೇಕು. ಮೇಲಾಗಿ ಇಂಟರ್ನೆಟ್ ಕಾಲ್ ಮತ್ತು ಫೋನ್ ಲೈನ್ ಜೋಡಿಸಿ ವ್ಯವಹಾರ ಮಾಡುವುದು ಲೈಸೆನ್ಸ್ ಇದ್ದವರ ಕೆಲಸ, ಅದರಲ್ಲಿ ಕಾನೂನು ಬಿಗಿ. ಬಿಟ್ಟೆ.

ಕಣಿವೆಯ ಹುಡುಗನದು ಬೇರೆ ಕಥೆ. ಅವನ ಮನೆಗೆ ಫೈಬರ್ ಬಂದಿದೆ, ಮೊಬೈಲ್ ಸಿಗ್ನಲ್ ಬರೀ ಅಂಗಳದ ಆ ತುದಿಯಲ್ಲಿ. ಅವನಿಗೆ ವೈಫೈ ಕಾಲಿಂಗ್ ಹಾಕಿಕೊಟ್ಟೆ. ಸೆಟ್ಟಿಂಗಿನಲ್ಲಿ ಒಂದು ಗುಂಡಿ, ಕಾಸಿಲ್ಲ. ಅವನ ಮಾಮೂಲಿ ನಂಬರಿಗೇ ಬ್ರಿಡ್ಜ್ ಹಚ್ಚುತ್ತದೆ, ದನಿ ಫೈಬರ್ ಮೇಲೆ ಬರುತ್ತದೆ. ರೂಟರಿಗೂ ಫೈಬರ್ ಡಬ್ಬಕ್ಕೂ ಒಂದು ಸಣ್ಣ 12 ವೋಲ್ಟಿನ ಯುಪಿಎಸ್. ಅಷ್ಟೇ ಬ್ಯಾಟರಿಯಲ್ಲಿ ಇನ್ವರ್ಟರ್‌ಗಿಂತ ಅದು ಜಾಸ್ತಿ ಹೊತ್ತು ಎಳೆಯುತ್ತದೆ. ಕರೆಂಟ್ ತೀರಾ ಬಾರದ ದಿನ ಅವನು ಅಂಗಳದ ತುದಿಗೆ ಹೋಗುತ್ತಾನೆ.

ಸ್ಯಾಂಪಲ್ ಫೋಟೋದ್ದೂ ಒಂದು ಗೋಳಿತ್ತು. ಫೋನಿನಲ್ಲಿ ಮಾತಾಡುತ್ತಲೇ ಗ್ರೂಪಿಗೆ ಚಾಲಿಯ ಫೋಟೋ ಹಾಕು ಅಂದರೆ ಬರುತ್ತಿರಲಿಲ್ಲ. ಕಾಲ್ ಇಟ್ಟ ಕೂಡಲೇ ಹತ್ತೂ ಒಟ್ಟಿಗೆ ಬಂದು ಬೀಳುತ್ತಿದ್ದವು. ಎರಡು ಸಿಮ್ ಇದ್ದವರ ಫೋನಿನಲ್ಲಿ ಒಂದರಲ್ಲಿ ಮಾತಾಡುವಾಗ ಇನ್ನೊಂದರ ಡೇಟಾ ನಿಲ್ಲುತ್ತದೆ. ಕಾಲ್ ಮತ್ತು ಡೇಟಾ ಎರಡನ್ನೂ ಒಂದೇ ಸಿಮ್ಮಿಗೆ ತಂದು ವೋಲ್ಟೆ ಹಾಕಿಸಿದ ಮೇಲೆ ಸರಿಯಾಯಿತು. ಹೊಸ ಫೋನುಗಳಲ್ಲಿ ಮಾತಾಡುವಾಗ ಡೇಟಾ ತಾನಾಗೇ ಸಿಮ್ ಬದಲಿಸುವ ಸೆಟ್ಟಿಂಗ್ ಇರುತ್ತದೆ, ನೋಡಿ.

ಇಂಟರ್ನೆಟ್ ಬಿಟ್ಟಿಲ್ಲ. ಶನಿವಾರದ ಲೆಕ್ಕ ಮೀಟ್‌ನಲ್ಲೇ. ಹುಬ್ಬಳ್ಳಿಯ ಆಡಿಟರು, ದಲಾಲರು, ನಾನು. ಲೆಡ್ಜರ್ ತೆರೆ ಮೇಲೆ ತೋರಿಸಿ ಸಾಲು ಸಾಲಾಗಿ ಟಿಕ್ ಹಾಕುವುದು ಫೋನಿನಲ್ಲಿ ಆಗದ ಮಾತು. ದುಬೈಯಲ್ಲಿ ಕಾಳುಮೆಣಸು ಕೇಳುವ ಭಟ್ಕಳದವರೊಬ್ಬರಿದ್ದಾರೆ. ಅಲ್ಲಿ ವಾಟ್ಸಾಪ್ ಕಾಲ್ ನಡೆಯಲ್ಲ. ಫೋನ್ ಹಚ್ಚಿದರೆ ಐಎಸ್‌ಡಿ ದುಬಾರಿ. ಆ ದೇಶದಲ್ಲಿ ಬಿಸಿನೆಸ್ಸಿಗೆ ಬಿಟ್ಟಿರುವ ಟೀಮ್ಸ್‌ನಲ್ಲಿ ಅವರ ಜೊತೆ ಮಾತು. ಅವರ ಜೊತೆ ಮೊದಲೆಲ್ಲ ಸ್ಕೈಪ್ ಪ್ರಯತ್ನ ಮಾಡುತ್ತಿದ್ದವರಿಗೆ 2025ರ ಮೇ ನಂತರ ಅದೂ ಇಲ್ಲ.

ಬ್ರಿಡ್ಜ್ ತಗೊಳ್ಳುವವರು ಬಾಡಿಗೆ ಕೇಳುವ ಮೊದಲು ಪಲ್ಸ್ ಕೇಳಿ, ಅಂದರೆ ಎಷ್ಟು ಸೆಕೆಂಡಿಗೊಮ್ಮೆ ಬಿಲ್ಲು ಏರುತ್ತದೆ ಅನ್ನುವುದು. 61 ಸೆಕೆಂಡಿಗೆ ಎರಡು ನಿಮಿಷ ಹಿಡಿಯುವವರು ಇದ್ದಾರೆ. ಕಾಲ್ ಕಟ್ಟಾಗಿ ಮತ್ತೆ ಸೇರಿದರೆ ಅದು ಹೊಸ ಲೆಕ್ಕ. ಮಳೆಗಾಲದಲ್ಲಿ ನಮ್ಮ ಬಿಲ್ಲು ಬೇಸಿಗೆಗಿಂತ ಮುನ್ನೂರು ನಾನೂರು ಜಾಸ್ತಿ ಬರುವುದು ಇದರಿಂದಲೇ. ಸೆಕೆಂಡ್ ಲೆಕ್ಕದ ಪಲ್ಸ್ ಕೊಡಿ ಅಂತ ಕಂಪನಿ ಜೊತೆ ಈಗ ಹಗ್ಗಜಗ್ಗಾಟ ನಡೆದಿದೆ. ಕೊಟ್ಟರೆ ಈ ಸುಗ್ಗಿಗೆ ತೀರ್ಥಹಳ್ಳಿ, ಹೊಸನಗರದ ಇಬ್ಬರನ್ನೂ ಅದೇ ಬಿಲ್ಲಿನಲ್ಲಿ ಸೇರಿಸುತ್ತೇನೆ.