ಊರಿಗೆ ಹೊಸಬರೇ? ಬಾಡಿಗೆ ಮನೆಗೆ ಸಹಿ ಹಾಕುವ ಮುಂಚೆ ಇಷ್ಟು ಓದಿ

ಹೊಸದಾಗಿ ಬಂದವರು ಸಂಘಕ್ಕೆ ಫೋನ್ ಮಾಡಿದಾಗ ಮೊದಲು ಕೇಳುವುದು ಹೆಚ್ಚಾಗಿ ಇದನ್ನೇ: "ನಮ್ಮವರು ಜಾಸ್ತಿ ಇರೋ ಏರಿಯಾ ಯಾವುದು?" ಕೇಳುವುದು ಸಹಜ. ಆದರೆ ಕನ್ನಡ ಸಂಘದವರಾಗಿಯೂ ನಾವು ಹೇಳುವುದು, ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ ಎಂದೇ. ನಮ್ಮವರನ್ನು ವಾರಕ್ಕೊಮ್ಮೆ ಕಂಡರೂ ನಡೆಯುತ್ತದೆ. ಆಫೀಸಿಗೆ, ಶಾಲೆಗೆ ದಿನಾ ಹೋಗಬೇಕು, ಅಲ್ವಾ?

ಇನ್ನೊಂದು ಪ್ರಶ್ನೆ: "ನಾವು ಬರುವಷ್ಟರಲ್ಲಿ ಒಂದು ಮನೆ ಗೊತ್ತು ಮಾಡಿಬಿಡಬಹುದಾ?" ಬೇಡ. ಕಣ್ಣಾರೆ ನೋಡದ ಮನೆಗೆ ವರ್ಷದ ಕರಾರು ಮಾಡಿಕೊಳ್ಳಬೇಡಿ. ಮೊದಲ ಕೆಲವು ವಾರಕ್ಕೆ ತಾತ್ಕಾಲಿಕವಾಗಿ ಎಲ್ಲಾದರೂ ಇಳಿದುಕೊಳ್ಳಿ. ಕಂಪನಿಯವರು ಕೊಟ್ಟರೆ ಒಳ್ಳೆಯದು, ಇಲ್ಲದಿದ್ದರೆ ಸರ್ವಿಸ್ ಅಪಾರ್ಟ್‌ಮೆಂಟ್ ಆಗಬಹುದು, ಯಾರದಾದರೂ ಮನೆಯ ಒಂದು ಕೋಣೆಯೂ ಆಗಬಹುದು. ದಿನದ ಲೆಕ್ಕದಲ್ಲಿ ದುಬಾರಿ ಅನಿಸುತ್ತದೆ, ನಿಜ. ಆದರೆ ಸರಿಹೋಗದ ಮನೆಯನ್ನು ಕರಾರಿನ ಮಧ್ಯದಲ್ಲಿ ಬಿಟ್ಟರೆ ಅಡ್ವಾನ್ಸ್ ಹೋಗಬಹುದು, ಉಳಿದ ತಿಂಗಳ ಬಾಡಿಗೆಯನ್ನೂ ಕೇಳಬಹುದು. ಮೇಲೆ ಸಾಮಾನು ಸಾಗಿಸುವ ಖರ್ಚು ಇನ್ನೊಂದು ಸಲ.

ತಾತ್ಕಾಲಿಕ ಜಾಗ ಬುಕ್ ಮಾಡುವಾಗ, ವಿಳಾಸದ ಪತ್ರ ಕೊಡುತ್ತೀರಾ ಎಂದು ಕೇಳಿ. ಬ್ಯಾಂಕ್ ಖಾತೆಗೆ ವಿಳಾಸ ಬೇಕು, ಮನೆ ಕೊಡುವವರಿಗೆ ಬ್ಯಾಂಕ್ ಖಾತೆ ಬೇಕು. ಈ ಸುತ್ತಿನಲ್ಲಿ ಸಿಕ್ಕಿಕೊಂಡವರು ಬಹಳ ಜನ. ಒಂದು ಪತ್ರ ಇದ್ದರೆ ಅರ್ಧ ಕೆಲಸ ಸಲೀಸು.

ಏರಿಯಾ ಆಯ್ಕೆ

ಮೊದಲು ಮ್ಯಾಪ್‌ನಲ್ಲಿ ಇಬ್ಬರ ಕೆಲಸದ ಜಾಗ ಮತ್ತು ಮಕ್ಕಳ ಶಾಲೆ ಗುರುತು ಹಾಕಿಕೊಳ್ಳಿ. ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಹೊತ್ತಿನಲ್ಲಿ ಅಳೆಯಿರಿ. ಕೆಲಸದ ದಿನ, ನೀವು ನಿಜವಾಗಿ ಹೊರಡುವ ಸಮಯಕ್ಕೆ, ನೀವು ಹೋಗುವ ಬಸ್ಸು ಅಥವಾ ರೈಲಿನಲ್ಲೇ ಒಮ್ಮೆ ಹೋಗಿ ನೋಡಿ. ಭಾನುವಾರ ಕಾರಿನಲ್ಲಿ ಹೋಗಿ "ಹತ್ರಾನೇ ಇದೆ" ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಮಗುವಿಗೆ ಜ್ವರ ಬಂತೆಂದು ಮಧ್ಯಾಹ್ನ ಶಾಲೆಯಿಂದ ಕರೆ ಬಂದರೆ ಯಾರು ಬೇಗ ಹೋಗಿ ಕರೆದುಕೊಂಡು ಬರಬಹುದು? ಈ ಒಂದು ಪ್ರಶ್ನೆಗೇ ಎಷ್ಟೋ ಏರಿಯಾಗಳು ಪಟ್ಟಿಯಿಂದ ಹೊರಗೆ ಹೋಗುತ್ತವೆ.

ಅನೇಕ ಕಡೆ ಸರ್ಕಾರಿ ಶಾಲೆಯಲ್ಲಿ ಸೀಟು ಸಿಗುವುದು ಮನೆಯ ವಿಳಾಸದ ಮೇಲೆ. ರಸ್ತೆಯ ಈ ಬದಿಗೆ ಒಂದು ಶಾಲೆ, ಆ ಬದಿಗೆ ಇನ್ನೊಂದು ಶಾಲೆ ಆಗಿರಬಹುದು. ಏಜೆಂಟರ ಮಾತು ನಂಬಿ ಕೂರಬೇಡಿ. ಮನೆಯ ಪೂರ್ತಿ ವಿಳಾಸ ಹೇಳಿ ಶಾಲೆಯವರನ್ನೇ ಕೇಳಿ. ಸೀಟು ಖಾಲಿ ಇದೆಯಾ ಎಂಬುದು ಬೇರೆ ಪ್ರಶ್ನೆ, ಅದನ್ನೂ ಕೇಳಿ.

ಸಂಬಳದ 30 ಶೇಕಡಕ್ಕಿಂತ ಜಾಸ್ತಿ ಬಾಡಿಗೆಗೆ ಹೋಗಬಾರದು ಎಂಬ ಮಾತು ಎಲ್ಲ ಕಡೆ ಇದೆ. ದೊಡ್ಡ ಊರುಗಳಲ್ಲಿ ಅದು ಸಾಧ್ಯವಾಗುವುದು ಕಷ್ಟ. ಅದಕ್ಕಿಂತ ಮುಖ್ಯ, ಒಟ್ಟು ಖರ್ಚು ಸೇರಿಸಿ ನೋಡುವುದು. ಬಾಡಿಗೆ, ಮೇಂಟೆನೆನ್ಸ್, ನೀರು, ಕರೆಂಟು, ಚಳಿ ಊರಾದರೆ ಹೀಟಿಂಗ್, ಇಂಟರ್ನೆಟ್, ಪಾರ್ಕಿಂಗ್, ಓಡಾಟ. ಊರ ಹೊರಗಿನ ಅಗ್ಗದ ಮನೆಗೆ ಎರಡು ಪಾಸು ಮತ್ತು ಒಂದು ಕಾರು ಸೇರಿಸಿದರೆ ಅದು ಅಗ್ಗವಾಗಿ ಉಳಿದಿರುವುದಿಲ್ಲ.

ಮೋಸದ ಜಾಹೀರಾತು

ಹೊಸಬರ ಅವಸರವೇ ಮೋಸಗಾರರ ಬಂಡವಾಳ. ಅವರ ದಾರಿ ಹೆಚ್ಚು ಬದಲಾಗುವುದಿಲ್ಲ. ಮಾಮೂಲಿ ದರಕ್ಕಿಂತ ಕಡಿಮೆ ಬಾಡಿಗೆಗೆ ಚಂದದ ಮನೆ. ಓನರ್ ಬೇರೆ ದೇಶದಲ್ಲಿದ್ದಾರೆ, ಆದ್ದರಿಂದ ಮನೆ ತೋರಿಸಲು ಆಗುವುದಿಲ್ಲ. "ತುಂಬಾ ಜನ ಕೇಳ್ತಿದ್ದಾರೆ, ಅಡ್ವಾನ್ಸ್ ಕಳಿಸಿ, ಕೀ ಕೊರಿಯರ್ ಮಾಡ್ತೀವಿ." ಕೆಲವರು ಪಾಸ್‌ಪೋರ್ಟ್ ಪ್ರತಿ ಕಳಿಸಿ ನಂಬಿಸುತ್ತಾರೆ. ಅದೂ ಯಾರದೋ ಕದ್ದದ್ದಾಗಿರಬಹುದು. ಜಾಹೀರಾತಿನ ಫೋಟೋ ಹಾಕಿ ಗೂಗಲ್‌ನಲ್ಲಿ ಹುಡುಕಿ, ಅದೇ ಮನೆ ಬೇರೆ ಊರಿನ ಹೆಸರಲ್ಲಿ ಕಾಣಿಸಿದರೂ ಕಾಣಿಸೀತು. ನೀವಾಗಲಿ, ನಿಮ್ಮ ಪರವಾಗಿ ಯಾರಾದರೂ ಆಗಲಿ ಒಳಗೆ ಹೋಗಿ ನೋಡುವವರೆಗೂ ದುಡ್ಡು ಕಳಿಸಬೇಡಿ. ಗುರುತಿನ ಚೀಟಿ, ಸಂಬಳದ ಚೀಟಿಯನ್ನೂ ಅಷ್ಟೇ, ಸುಮ್ನೆ ಕೇಳಿದವರಿಗೆಲ್ಲ ಕಳಿಸಬೇಡಿ.

ಮನೆ ನೋಡುವಾಗ

ಜಾಹೀರಾತಿನ ಫೋಟೋಗಳನ್ನು ವೈಡ್ ಲೆನ್ಸ್‌ನಲ್ಲಿ ತೆಗೆಯುವುದು ರೂಢಿ, ಕೋಣೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಒಂದು ಅಳತೆ ಟೇಪ್ ಜೊತೆಗಿರಲಿ. ಮಂಚ ಇಟ್ಟ ಮೇಲೆ ಬಾಗಿಲು ತೆರೆಯಬೇಕಲ್ಲ. ಎರಡು ನಲ್ಲಿಗಳನ್ನು ಒಟ್ಟಿಗೆ ಬಿಟ್ಟು ನೀರಿನ ರಭಸ ನೋಡಿ. ಬಿಸಿನೀರು ಬರಲು ಎಷ್ಟು ಹೊತ್ತು ಹಿಡಿಯುತ್ತದೆ, ಫ್ಲಶ್ ಆದ ಮೇಲೆ ನೀರು ಸರಿಯಾಗಿ ತುಂಬುತ್ತದಾ? ಇದನ್ನೆಲ್ಲ ಮಾಡಿ ನೋಡಲು ಸಂಕೋಚ ಬೇಡ. ಫೋನ್ ಚಾರ್ಜರ್ ಇದ್ದರೆ ಪ್ಲಗ್‌ಗಳನ್ನು ಪರೀಕ್ಷಿಸಬಹುದು. ಪ್ರತಿ ಕೋಣೆಯಲ್ಲೂ ಮೊಬೈಲ್ ಸಿಗ್ನಲ್ ನೋಡಿಕೊಳ್ಳಿ.

ತೇವದ ವಿಷಯದಲ್ಲಿ ಮಾತ್ರ ಸ್ವಲ್ಪ ಅನುಮಾನದ ಕಣ್ಣು ಇರಲಿ. ಗೋಡೆಯಲ್ಲಿ ಒಂದೇ ಕಡೆ ಹೊಸ ಬಣ್ಣ, ಕಿಟಕಿಯ ಮೂಲೆಯಲ್ಲಿ ಕಪ್ಪು ಚುಕ್ಕಿ, ಕಪಾಟು ತೆರೆದಾಗ ಮುಗ್ಗಲು ವಾಸನೆ, ಇವು ಬೂಷ್ಟಿನ ಸುಳಿವು. ಮನೆಯೊಳಗಿನ ತೇವಾಂಶ ಯಾವಾಗಲೂ 60 ಶೇಕಡಕ್ಕಿಂತ ಮೇಲಿದ್ದರೆ ಬೂಷ್ಟು ಬೆಳೆಯಲು ಅನುಕೂಲ. ಉಬ್ಬಸ ಇರುವ ಮಕ್ಕಳಿದ್ದರೆ ಅಂಥ ಮನೆ ಬಿಟ್ಟುಬಿಡಿ, ಎಷ್ಟೇ ಚಂದವಿರಲಿ. ಬಿಸಿಲೂ ಅಷ್ಟೇ ಮುಖ್ಯ. ಭೂಮಧ್ಯ ರೇಖೆಯಿಂದ ಉತ್ತರಕ್ಕೆ ದೂರ ಇರುವ ಊರುಗಳಲ್ಲಿ ದಕ್ಷಿಣಕ್ಕೆ ಕಿಟಕಿ ಇರುವ ಕೋಣೆಗೆ ಚಳಿಗಾಲದಲ್ಲೂ ಬಿಸಿಲು ಬರುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಹೋದವರಿಗೆ ಇದು ತಲೆಕೆಳಗು, ಅಲ್ಲಿ ಉತ್ತರದ ಕಿಟಕಿ ಒಳ್ಳೆಯದು.

ಗ್ಯಾಸಿನಲ್ಲಿ ನಡೆಯುವ ಹೀಟರ್ ಅಥವಾ ಬಾಯ್ಲರ್ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯಾ ಎಂದು ಕೇಳಲೇಬೇಕು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಳೆಯ ಕಟ್ಟಡದಲ್ಲಿ ಬಣ್ಣ ಚಕ್ಕೆ ಏಳುತ್ತಿದ್ದರೆ, ಚಿಕ್ಕ ಮಕ್ಕಳಿರುವವರು ಸೀಸದ ಬಗ್ಗೆ ವಿಚಾರಿಸಿ. ಅಮೆರಿಕದಲ್ಲೂ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ಮೇಲಿನ ಮಹಡಿಯಾದರೆ ಕಿಟಕಿಗೆ ಸರಳು ಅಥವಾ ಲಾಕ್ ಇರಲಿ.

ಆಗುವುದಾದರೆ ಕತ್ತಲಾದ ಮೇಲೆ ಇನ್ನೊಮ್ಮೆ ಆ ಬೀದಿಗೆ ಹೋಗಿ ಬನ್ನಿ. ಲಿಫ್ಟ್‌ನಲ್ಲಿ ಸಿಕ್ಕ ಅಕ್ಕಪಕ್ಕದವರನ್ನು ಮಾತಾಡಿಸಿ. ಏಜೆಂಟರು ಹೇಳದ್ದನ್ನು ಅವರು ಹೇಳುತ್ತಾರೆ.

ಕರಾರು ಮತ್ತು ಅಡ್ವಾನ್ಸ್

ನಮ್ಮ ಲೆಕ್ಕದಲ್ಲಿ ಮನೆ ನೋಡುವುದಕ್ಕಿಂತ ಕರಾರು ಓದುವುದಕ್ಕೆ ಜಾಸ್ತಿ ಹೊತ್ತು ಕೊಡಬೇಕು. "ಇದು ಸ್ಟ್ಯಾಂಡರ್ಡ್ ಅಗ್ರಿಮೆಂಟ್, ಎಲ್ರೂ ಸೈನ್ ಮಾಡ್ತಾರೆ" ಎಂದರೂ ಮನೆಗೆ ತಂದು ಓದಿ. ಮಧ್ಯದಲ್ಲಿ ಬಿಡಬಹುದಾ, ಬಿಟ್ಟರೆ ಎಷ್ಟು ತಿಂಗಳ ನೋಟಿಸ್, ಬಾಡಿಗೆ ಯಾವಾಗ ಎಷ್ಟು ಏರುತ್ತದೆ, ಬಾಯ್ಲರ್ ಕೆಟ್ಟರೆ ಯಾರ ಖರ್ಚು, ಮನೆ ಬಿಡುವಾಗ ಯಾವುದಕ್ಕೆ ದುಡ್ಡು ಹಿಡಿಯುತ್ತಾರೆ, ಇವು ಸ್ಪಷ್ಟವಾಗಿರಲಿ. ಕೆಲಸ ಹೋದರೆ ಅಥವಾ ವರ್ಗಾವಣೆ ಆದರೆ ಬೇಗ ಬಿಡಲು ಅವಕಾಶ ಕೊಡುವ ಒಂದು ಸಾಲು ಸೇರಿಸಿ ಎಂದು ಕೇಳಿ. ಎಲ್ಲರೂ ಒಪ್ಪುವುದಿಲ್ಲ, ಕೇಳಿದರೆ ನಷ್ಟವೇನೂ ಇಲ್ಲ. ಬಾಯಿಮಾತಿನಲ್ಲಿ ಒಪ್ಪಿದ್ದನ್ನು ಅದೇ ದಿನ ಇಮೇಲ್ ಮಾಡಿ ಖಚಿತ ಮಾಡಿಕೊಳ್ಳಿ.

ಹಿಂದಿನ ಊರಿನ ನಿಯಮ ಇಲ್ಲಿ ನಡೆಯುತ್ತದೆ ಎಂದುಕೊಳ್ಳಬೇಡಿ. ಭಾರತದಲ್ಲಿ 11 ತಿಂಗಳ ಕರಾರು ಮಾಮೂಲಾದದ್ದು, 1908ರ ನೋಂದಣಿ ಕಾಯ್ದೆ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ ಮಾಡಿದ್ದರಿಂದ. ಜರ್ಮನಿಯಲ್ಲಿ ಮೂರು ತಿಂಗಳ ಮೂಲ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಕೇಳುವಂತಿಲ್ಲ. ಇಂಗ್ಲೆಂಡಿನಲ್ಲಿ ಓನರ್ ಆ ದುಡ್ಡನ್ನು ಸಾಮಾನ್ಯವಾಗಿ 30 ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯಲ್ಲಿ ಇಡಬೇಕು. ನೀವು ಬಂದಿರುವ ಊರಲ್ಲಿ ಏನಿದೆ ಎಂಬುದು ಅಲ್ಲಿನ ಸರ್ಕಾರದ ಅಥವಾ ಬಾಡಿಗೆದಾರರ ಸಂಘದ ವೆಬ್‌ಸೈಟ್‌ನಲ್ಲಿ ಸಿಗುತ್ತದೆ.

ಸ್ಥಳೀಯ ದಾಖಲೆ ಇಲ್ಲದ ಹೊಸಬರನ್ನು ಕಂಡರೆ ಓನರ್‌ಗಳು ಹಿಂದೇಟು ಹಾಕುವುದುಂಟು. ಕೆಲಸದ ಆಫರ್ ಲೆಟರ್, ಬ್ಯಾಂಕ್ ಸ್ಟೇಟ್‌ಮೆಂಟ್, ಹಿಂದಿನ ಓನರ್ ಬರೆದುಕೊಟ್ಟ ಎರಡು ಸಾಲು, ಇವನ್ನು ಒಂದೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಹಿಂದಿನ ಊರು ಬಿಡುವ ಮುಂಚೆಯೇ ಆ ಎರಡು ಸಾಲು ಬರೆಸಿಕೊಳ್ಳುವುದು ಸುಲಭ.

ಕೀ ಕೈಗೆ ಬಂದ ದಿನ

ಒಂದು ಪೆಟ್ಟಿಗೆಯನ್ನೂ ಒಳಗೆ ತರುವ ಮುಂಚೆ ಇಡೀ ಮನೆಯ ವಿಡಿಯೋ ಮಾಡಿ. ನೆಲದ ಗೀರು, ಒಡೆದ ಟೈಲ್, ಓವನ್ನಿನ ಒಳಭಾಗ, ಕಿಟಕಿಯ ಹಿಡಿ, ಎಲ್ಲ ಬರಲಿ. ಕರೆಂಟು, ನೀರು, ಗ್ಯಾಸ್ ಮೀಟರಿನ ಅಂಕಿಗಳ ಫೋಟೋ ಬೇರೆಯಾಗಿ ತೆಗೆಯಿರಿ, ಇಲ್ಲದಿದ್ದರೆ ಹಿಂದಿನವರ ಬಿಲ್ಲು ನಿಮ್ಮ ತಲೆಗೆ ಬರಬಹುದು. ಓನರ್‌ಗೆ ಅದೇ ದಿನ ಇಮೇಲ್‌ನಲ್ಲಿ ಕಳಿಸಿ. ಮನೆ ಸಾಮಾನಿನ ಪಟ್ಟಿ ಕೊಟ್ಟರೆ ಓದದೆ ಸಹಿ ಬೇಡ. ಬಾಡಿಗೆಯನ್ನು ನಗದಾಗಿ ಕೊಡಲೇಬೇಕಾಗಿ ಬಂದರೆ ರಸೀದಿ ಇಲ್ಲದೆ ಕೊಡಬೇಡಿ.

ಮನೆ ನೋಡಲು ಜೊತೆಗೆ ಯಾರಾದರೂ ಬೇಕಿದ್ದರೆ, ಕರಾರಿನ ಭಾಷೆ ಅರ್ಥವಾಗದಿದ್ದರೆ ಸಂಘಕ್ಕೆ ಹೇಳಿ. ನಮ್ಮಲ್ಲಿ ಇದನ್ನೆಲ್ಲ ದಾಟಿ ಬಂದವರು ಬೇಕಾದಷ್ಟು ಜನ ಇದ್ದಾರೆ. ಸಹಿ ಹಾಕುವ ಮುಂಚೆ ಕೇಳಿ, ಅಷ್ಟೇ.