ಮೇ ಒಂದರ ಮೈಬೋಲೆ: ಜರ್ಮನಿಗೆ ಹೊಸದಾಗಿ ಬಂದವರಿಗೆ

ಏಪ್ರಿಲ್ ಕೊನೆಯ ವಾರದಲ್ಲಿ ಕಚೇರಿಯವರೋ ಪಕ್ಕದ ಮನೆಯವರೋ ನಿಮ್ಮನ್ನು ಕರೆಯುತ್ತಾರೆ: "ಮೇ ಒಂದಕ್ಕೆ ನಮ್ಮ ತೋಟಕ್ಕೆ ಬನ್ನಿ, ಏನಾದರೂ ತನ್ನಿ." ಈ ಎರಡನೆಯ ಮಾತನ್ನು ಉಪಚಾರವೆಂದು ತಿಳಿದು ಬರಿಗೈಯಲ್ಲಿ ಹೋಗಬೇಡಿ. ಇಲ್ಲಿ ತನ್ನಿ ಎಂದರೆ ತನ್ನಿ. ನಮ್ಮವರು ಸಾಮಾನ್ಯವಾಗಿ ಪುಲಾವನ್ನೋ ಸಮೋಸವನ್ನೋ ಹೊತ್ತುಕೊಂಡು ಹೋಗುತ್ತಾರೆ, ಅದು ನೋಡನೋಡುತ್ತಲೇ ಖಾಲಿಯೂ ಆಗುತ್ತದೆ. ಆದರೆ ಒಂದು ವರ್ಷ ಮೈಬೋಲೆ ಮಾಡಿಕೊಂಡು ಹೋಗಿ. ಬಿಳಿ ವೈನ್, ಸ್ಟ್ರಾಬೆರಿ ಮತ್ತು ವಾಲ್ಡ್‌ಮೈಸ್ಟರ್ ಎಂಬ ಕಾಡುಸೊಪ್ಪು ಸೇರಿದ ವಸಂತಕಾಲದ ಪಾನೀಯವಿದು. ಇಲ್ಲಿನ ಹಿರಿಯರಿಗೆ ಅವರ ಅಜ್ಜಿಯ ಮನೆ ನೆನಪಾಗುತ್ತದೆ. ಕಿರಿಯರಲ್ಲಿ ಎಷ್ಟೋ ಜನ ಇದನ್ನು ಮನೆಯಲ್ಲಿ ಮಾಡಿದವರೇ ಅಲ್ಲ. ಮಾತು ತಾನಾಗಿ ಶುರುವಾಗುತ್ತದೆ.

ಇದು ಇಂದು ನಿನ್ನೆಯದಲ್ಲ. ಪ್ರ್ಯೂಮ್ ಮಠದ ಬೆನೆಡಿಕ್ಟೈನ್ ಸನ್ಯಾಸಿ ವಾಂಡಾಲ್ಬರ್ಟ್ 854ರಲ್ಲಿಯೇ ಇದನ್ನು ಉಲ್ಲೇಖಿಸಿದ್ದಾನೆ. ಆಗ ಇದು ಔಷಧಿ. ಹಬ್ಬದ ಪಾನೀಯವಾದದ್ದು ಆಮೇಲೆ.

ಮೊದಲು ಸೊಪ್ಪಿನ ವಿಷಯ, ಏಕೆಂದರೆ ಕೆಡುವುದೂ ಗೆಲ್ಲುವುದೂ ಅದರಿಂದಲೇ. ವಾಲ್ಡ್‌ಮೈಸ್ಟರ್ ಬೀಚ್ ಮರಗಳ ಕಾಡಿನ ನೆರಳಿನಲ್ಲಿ ನೆಲಕ್ಕೆ ಹತ್ತಿ ಬೆಳೆಯುತ್ತದೆ. ನಾಲ್ಕು ಮೂಲೆಯ ಸಣ್ಣ ಕಾಂಡ, ಅದರ ಸುತ್ತ ಹಂತಹಂತವಾಗಿ ಆರರಿಂದ ಎಂಟು ಕಿರಿದಾದ ಎಲೆಗಳ ಉಂಗುರ, ತುದಿಯಲ್ಲಿ ನಾಲ್ಕೆಸಳಿನ ಪುಟ್ಟ ಬಿಳಿ ಹೂ. ಹೂ ಅರಳುವ ಮುಂಚಿನ ಸೊಪ್ಪೇ ಒಳ್ಳೆಯದು. ಸ್ವಂತ ಬಳಕೆಗೆ ಒಂದು ಹಿಡಿಯಷ್ಟನ್ನು ಕಾಡಿನಿಂದ ಕೀಳಲು ಇಲ್ಲಿನ ಕಾನೂನು ಬಿಡುತ್ತದೆ. ಸಂರಕ್ಷಿತ ಪ್ರದೇಶದಲ್ಲಿ ಮಾತ್ರ ಕೈ ಹಾಕಬಾರದು. ಆದರೆ ಹೊಸಬರು ವಾರದ ಸಂತೆಯಲ್ಲಿ ಒಂದು ಕಟ್ಟು ಕೊಂಡರೆ ವಾಸಿ ಎಂಬುದು ನನ್ನ ಅಭಿಪ್ರಾಯ. ಅದೇ ಕಾಡಿನಲ್ಲಿ, ಅದೇ ಕಾಲಕ್ಕೆ ಮೈಗ್ಲೋಕ್ಶೆನ್ ಎಂಬ ಗಂಟೆಹೂವಿನ ಗಿಡವೂ ಬೆಳೆಯುತ್ತದೆ. ಅದರ ಎಲೆ ಅಗಲ, ನೋಡಲು ಬೇರೆಯೇ. ಆದರೆ ಬೇರಿನಿಂದ ಹೂವಿನವರೆಗೆ ಎಲ್ಲವೂ ವಿಷ. ಕೊಯ್ಯುವ ಭರದಲ್ಲಿ ಒಂದೆಲೆಯೂ ಕಟ್ಟಿನೊಳಗೆ ಸೇರಬಾರದು.

ಹಸಿಯಾಗಿರುವಾಗ ವಾಲ್ಡ್‌ಮೈಸ್ಟರ್‌ಗೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ಬಾಡಿದಾಗ ಅದರೊಳಗಿನ ಕೂಮರಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಘಮ ಏಳುತ್ತದೆ, ಹೊಸ ಹುಲ್ಲಿನ ಬಣವೆಗೆ ಯಾರೋ ವೆನಿಲಾ ಚಿಮುಕಿಸಿದ ಹಾಗೆ. ಆದ್ದರಿಂದ ಹಿಂದಿನ ರಾತ್ರಿಯೇ ಸೊಪ್ಪನ್ನು ತೊಳೆದು, ಬಟ್ಟೆಯ ಮೇಲೆ ಹರಡಿ ಬಾಡಲು ಬಿಡಿ. ಈ ಕೂಮರಿನ್ ಹೆಚ್ಚಾದರೆ ತಲೆನೋವು ಖಚಿತ, ಯಕೃತ್ತಿಗೂ ಒಳ್ಳೆಯದಲ್ಲ. ಲೀಟರಿಗೆ 3 ಗ್ರಾಂ ಹಸಿ ಸೊಪ್ಪು ಎಂಬುದು ಇಲ್ಲಿಯವರು ಹೇಳುವ ಮಿತಿ. ಹತ್ತು ಹನ್ನೆರಡು ಜನರ ಬೋಲೆಗೆ 6 ಗ್ರಾಂ ಸಾಕು. ತಕ್ಕಡಿ ಇಲ್ಲದಿದ್ದರೆ ಎಂಟು ಹತ್ತು ಎಳೆಯ ಕಡ್ಡಿ. ಕೊತ್ತಂಬರಿ ಸೊಪ್ಪನ್ನು ಹಿಡಿಗಟ್ಟಲೆ ಹಾಕಿ ರೂಢಿಯಾದ ನಮ್ಮ ಕೈಗೆ ಇದು ತೀರಾ ಕಡಿಮೆ ಎನಿಸುತ್ತದೆ. ಎನಿಸಲಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರೂ ಯಕೃತ್ತಿನ ತೊಂದರೆ ಇರುವವರೂ ಇದನ್ನು ಬಿಡುವುದೇ ಕ್ಷೇಮ.

ಬಾಡಿದ ಸೊಪ್ಪನ್ನು ದಾರದಿಂದ ಕಟ್ಟಿ, ಒಂದು ಬಾಟಲಿ ತಣ್ಣನೆಯ ವೈನಿನಲ್ಲಿ ತಲೆಕೆಳಗಾಗಿ ಇಳಿಬಿಡಿ. ಕಾಂಡದ ಕತ್ತರಿಸಿದ ತುದಿ ವೈನಿಗೆ ತಾಗಬಾರದು, ಕಹಿ ಇಳಿಯುತ್ತದೆ. ಅರ್ಧ ಗಂಟೆ ಆದೊಡನೆ ಕಟ್ಟನ್ನು ಎತ್ತಿಬಿಡಿ. ಈ ನಡುವೆ ಅರ್ಧ ಕಿಲೋ ಸ್ಟ್ರಾಬೆರಿಯನ್ನು ತೊಳೆದು, ಆಮೇಲೆ ತೊಟ್ಟು ತೆಗೆದು, ನಾಲ್ಕು ಹೋಳು ಮಾಡಿ, ಎರಡು ಚಮಚ ಸಕ್ಕರೆ ಉದುರಿಸಿಡಿ. ತೊಟ್ಟು ಮೊದಲೇ ತೆಗೆದರೆ ಹಣ್ಣು ನೀರು ಕುಡಿದು ಸಪ್ಪೆಯಾಗುತ್ತದೆ. ಹಣ್ಣಿಗೆ ಆ ವೈನ್ ಸುರಿದು, ಇನ್ನೊಂದು ಬಾಟಲಿ ವೈನನ್ನೂ ನಿಂಬೆಯ ಕೆಲವು ತೆಳು ಬಿಲ್ಲೆಗಳನ್ನೂ ಸೇರಿಸಿ ತಂಪಿಗಿಡಿ. ಒಂದು ಬಾಟಲಿ ಜೆಕ್ಟ್, ಅಂದರೆ ಇಲ್ಲಿನ ನೊರೆವೈನ್, ಬಡಿಸುವ ಕ್ಷಣದಲ್ಲಿ ಮಾತ್ರ. ಒಳಗೆ ಐಸ್ ಹಾಕಬೇಡಿ, ಪಾತ್ರೆಯನ್ನೇ ಐಸಿನ ಮೇಲೆ ಇಡಿ. ಏಲಕ್ಕಿ, ಶುಂಠಿ ಯಾವುದೂ ಬೇಡ. ಅವು ಬಂದರೆ ವಾಲ್ಡ್‌ಮೈಸ್ಟರ್ ಬಾಯಿ ಮುಚ್ಚಿಕೊಳ್ಳುತ್ತದೆ.

ಬಣ್ಣ ತಿಳಿಹಳದಿ ಇದ್ದರೆ ಸರಿಯಾಗಿದೆ ಎಂದರ್ಥ. ಅಂಗಡಿಯ ಕಡುಹಸಿರು ಸಿರಪ್ ನೋಡಿ ಮೋಸ ಹೋಗಬೇಡಿ, ಅದು ಬಣ್ಣದ ಪುಣ್ಯ.

ವೈನ್ ಕೊಳ್ಳುವಾಗ ಚೀಟಿ ಓದುವುದರಲ್ಲಿ ಒಂದು ಹಳ್ಳವಿದೆ. ಮ್ಯೂಲರ್-ತುರ್ಗಾವ್, ಸಿಲ್ವಾನರ್, ರೀಸ್ಲಿಂಗ್ ಯಾವುದಾದರೂ ಸರಿ, ದುಬಾರಿಯದು ದಂಡ. ಬಾಟಲಿಯ ಮೇಲೆ 'ಟ್ರೊಕೆನ್' ಎಂದಿದ್ದರೆ ಸಿಹಿ ಕಡಿಮೆ, ಲೀಟರಿಗೆ ಹೆಚ್ಚೆಂದರೆ 9 ಗ್ರಾಂ ಸಕ್ಕರೆ. ಅದೇ 'ಟ್ರೊಕೆನ್' ಜೆಕ್ಟ್ ಬಾಟಲಿಯ ಮೇಲಿದ್ದರೆ 17ರಿಂದ 32 ಗ್ರಾಂ! ಹಣ್ಣಿನ ಸಿಹಿ ಹೇಗೂ ಇದೆ. ಜೆಕ್ಟ್ 'ಬ್ರೂಟ್' ಇರಲಿ, ಅಂದರೆ ಅದಕ್ಕಿಂತ ಸಿಹಿ ಕಡಿಮೆಯದು.

ಸಸ್ಯಾಹಾರಿಗಳು ಇನ್ನೊಂದನ್ನು ಗಮನಿಸಬೇಕು. ಕೆಲವು ವೈನುಗಳನ್ನು ತಿಳಿಗೊಳಿಸಲು ಜೆಲಟಿನ್, ಮೀನಿನ ಗಾಳಿಚೀಲದ ಅಂಟು, ಮೊಟ್ಟೆಯ ಬಿಳಿ ಬಳಸುತ್ತಾರೆ. ಮೊಟ್ಟೆ ಮತ್ತು ಹಾಲಿನ ಅಂಶ ಉಳಿದಿದ್ದರೆ ಚೀಟಿಯ ಮೇಲೆ ಬರೆಯಲೇಬೇಕು. ಜೆಲಟಿನ್ ಮತ್ತು ಮೀನಿನ ಅಂಟಿಗೆ ಆ ಕಡ್ಡಾಯವಿಲ್ಲ. ಹಾಗಾಗಿ 'ವೇಗನ್' ಗುರುತಿರುವ ಬಾಟಲಿಯನ್ನೇ ಹುಡುಕಿ.

ಕುಡಿಯದವರು ಸಂಕೋಚಪಡುವ ಅಗತ್ಯವೇ ಇಲ್ಲ, ಇಲ್ಲಿ ಯಾರೂ ಒತ್ತಾಯಿಸುವುದಿಲ್ಲ. ತಿಳಿ ಸೇಬಿನ ರಸದಲ್ಲಿ ಸೊಪ್ಪನ್ನು ಹಾಗೆಯೇ ಇಳಿಬಿಟ್ಟು, ಕೊನೆಗೆ ಗುಳ್ಳೆನೀರು ಸೇರಿಸಿದರೆ ಎರಡನೆಯ ಬೋಲೆ ಸಿದ್ಧ. ಮಕ್ಕಳಿಗೆ ಸೊಪ್ಪಿಲ್ಲದೆ ಹಣ್ಣು ಮಾತ್ರ. ಎರಡೂ ಪಾತ್ರೆಗಳ ಮೇಲೆ ದೊಡ್ಡಕ್ಷರದ ಚೀಟಿ ಅಂಟಿಸಿ. ವೈನ್ ಹೀರಿದ ಸ್ಟ್ರಾಬೆರಿ ಮಕ್ಕಳ ಕಣ್ಣಿಗೆ ಬರೀ ಸ್ಟ್ರಾಬೆರಿಯೇ. ನಾನಂತೂ ರಾಮನವಮಿಯ ಪಾನಕವನ್ನೂ ಒಂದು ಜಗ್ ಇಡುತ್ತೇನೆ. ಬೆಲ್ಲದ ಬಗ್ಗೆ ಪ್ರಶ್ನೆಗಳು ಬರುತ್ತವೆ, ಉತ್ತರ ಸಿದ್ಧವಿಟ್ಟುಕೊಳ್ಳಿ.

ಮೇ 1 ದೇಶಕ್ಕೆಲ್ಲ ರಜೆ, ಅಂಗಡಿಗಳು ಮುಚ್ಚಿರುತ್ತವೆ. ಏಪ್ರಿಲ್ 30 ಭಾನುವಾರ ಬಿದ್ದರೆ ಶನಿವಾರವೇ ಎಲ್ಲವನ್ನೂ ತಂದಿಡಬೇಕು. ಲೋಟ ತಾಗಿಸುವಾಗ ಎದುರಿನವರ ಕಣ್ಣು ನೋಡುವುದು ಇಲ್ಲಿನ ಪದ್ಧತಿ, ಲೋಟ ನೋಡಿದರೆ ತಮಾಷೆ ಮಾಡುತ್ತಾರೆ. ರೈನ್ ನದಿಯ ಸೀಮೆಯಲ್ಲಿದ್ದರೆ ಬೆಳಿಗ್ಗೆ ಹೋಗುವಾಗ ಮನೆಗಳ ಮುಂದೆ ಬಣ್ಣದ ಕಾಗದದ ಪಟ್ಟಿ ಕಟ್ಟಿದ ಬರ್ಚ್ ಮರಗಳು ಕಾಣುತ್ತವೆ. ಹುಡುಗರು ರಾತ್ರಿ ತಮ್ಮ ಹುಡುಗಿಯರಿಗಾಗಿ ನಿಲ್ಲಿಸಿ ಹೋದವು. ಅಧಿಕ ವರ್ಷದಲ್ಲಿ ಆ ಸರದಿ ಹುಡುಗಿಯರದು.

ಹೋಗಿ ಬರುವುದು ರೈಲಿನಲ್ಲೋ ಟ್ರಾಮಿನಲ್ಲೋ ಇರಲಿ. ಬೋಲೆ ಹಣ್ಣಿನ ರಸದಂತೆ ಇಳಿಯುತ್ತದೆ, ಎಷ್ಟು ಹೋಯಿತೆಂಬ ಲೆಕ್ಕ ಸಿಗುವುದಿಲ್ಲ. ಚಾಲಕರ ರಕ್ತದಲ್ಲಿ ಮದ್ಯದ ಸಾಮಾನ್ಯ ಮಿತಿ 0.5 ಪರ್ ಮಿಲ್, ಅಂದರೆ ಸಾವಿರಕ್ಕೆ ಅರ್ಧ ಪಾಲು. ಪರವಾನಗಿಯ ಮೊದಲ ಎರಡು ವರ್ಷದ ಪರೀಕ್ಷಾವಧಿಯಲ್ಲಿರುವವರಿಗೂ 21 ತುಂಬದವರಿಗೂ ಸೊನ್ನೆ. ರಾತ್ರಿ 10ರ ನಂತರ ದನಿ ತಗ್ಗಿಸಿ. ಖಾಲಿ ಬಾಟಲಿಗಳನ್ನು ಅಂದೇ ಬೀದಿಯ ಗಾಜಿನ ಡಬ್ಬಕ್ಕೆ ಹಾಕಲು ಹೋಗಬೇಡಿ. ರಜೆಯ ದಿನ ಆ ಸದ್ದಿಗೆ ಅವಕಾಶವಿಲ್ಲ, ಮರುದಿನ ಬಿಳಿ, ಕಂದು, ಹಸಿರು ಎಂದು ವಿಂಗಡಿಸಿ ಹಾಕಿದರಾಯಿತು.